ಗೊರಬೆಂದ ಗೋರ್‌ಟೆಕ್ಸಿನ ವರೆಗೆ

ಆಟಿ ತಿಂಗಳು ಬಂತು ಹೇಳಿರೆ ಎನ್ನ ಹತ್ರೆ ಎಲ್ಲೋರೂ ಕೇಳುವ ಪ್ರಶ್ನೆ ಒಂದಿದ್ದು. ಈ "ಉಸುಲಾಡ್ತ" ರೈನ್‌ಕೋಟು ಹೇಳಿ ಬಯಿಂದಡ, ಹತ್ತು ಹನ್ನೆರಡು ಸಾವಿರ ಕ್ರಯ ಅಡ, ತೆಕ್ಕೊಂಬದಾ ಬೇಡದಾ ಹೇಳಿ. ಕುದುರೆಮುಖ ಹತ್ತುಲೆ ಹೋಪ ಕೂಸುಗೊ ಕೇಳ್ತವು, ತೋಟಕ್ಕೆ ಹೋಪ ಅಕ್ಕಂದ್ರೂ ಕೇಳ್ತವು. ಒಂದೇ ಮಾತಿಲಿ ಉತ್ತರ ಹೇಳ್ಲೆ ಎಡಿಯ. ಆ ಅಂಗಿಯ ಹಿಂದೆ ಇನ್ನೂರು ವರ್ಷದ ಕತೆ ಇದ್ದು. ಅದು ಗೊಂತಿದ್ದರೆ ಅಂಗಡಿಯವು ಹೇಳುದರ ಎಷ್ಟು ನಂಬೆಕ್ಕು ಹೇಳಿ ನಿಂಗೊಗೇ ಅಂದಾಜಕ್ಕು.

ಮಳೆಯ ಅಂಗಿಗೆ ಇಪ್ಪದು ಎರಡು ಕೆಲಸ. ಹೆರಾಣ ನೀರಿನ ಒಳ ಬಿಡ್ಲಾಗ, ಒಳಾಣ ನೀರಿನ ಹೆರ ಬಿಡೆಕ್ಕು. ಸುರೂವಾಣದ್ದು ಸುಲಭ, ಗೊಬ್ಬರದ ತೊಟ್ಟೆ ಒಂದಿದ್ದರೆ ಸಾಕು. ಎಲ್ಲೋರು ಸೋತದು ಎರಡ್ನೇದರಲ್ಲಿ. ಗುಡ್ಡೆ ಹತ್ತುವಗ ಗಂಟೆಗೆ ಒಂದು ಲೀಟರಿನ ವರೆಗೂ ಬೆಗರು ಹೋಕು. ಅದು ಅಂಗಿಯ ಒಳವೇ ನಿಂದರೆ ಮಳೆಲಿ ಚೆಂಡಿ ಆದಕ್ಕೂ ಇದಕ್ಕೂ ಎಂತ ವ್ಯತ್ಯಾಸ? ಹತ್ತುವಷ್ಟು ಹೊತ್ತು ಗೊಂತಾವುತ್ತಿಲ್ಲೆ. ಮೇಲೆ ಹೋಗಿ ಕೂದಪ್ಪಗ, ಗಾಳಿ ಬೀಸಿಯಪ್ಪಗ, ಆ ಚೆಂಡಿ ಅಂಗಿಯೇ ಮೈಯ ಬೆಶಿಯ ಎಳಕ್ಕೊಂಡು ಹೋವುತ್ತು. ಹಲ್ಲು ಕಟಕಟ ಹೇಳುದು ಅಂಬಗ. ಗುಡ್ಡೆಯ ತಲೆಲಿ ಇದು ನೆಗೆ ಮಾಡುವ ಸಂಗತಿ ಅಲ್ಲ, ಮೈ ತಣ್ಣಂಗೆ ಆಗಿ ಜೀವಕ್ಕೇ ಬಪ್ಪದಿದ್ದು.

ನಮ್ಮ ಹೆರಿಯೋರು ಈ ಎರಡ್ನೇ ಕೆಲಸಕ್ಕೆ ಕಂಡುಹಿಡುದ ಉಪಾಯ ಹೇಳಿರೆ ಹೊದಕೆಯ ಮೈಗೆ ತಾಗುಸದ್ದೆ ಇಪ್ಪದು. ಗೊರಬೆ ಕಂಡೋರಿಂಗೆ ನೆಂಪಿಕ್ಕು. ಬಿದಿರಿನ ಸೀಳುಗಳ ಹೆಣದು, ನಡುಗೆ ಓಲೆ ಮಡುಗಿ, ತಲೆಂದ ಸೊಂಟದ ವರೆಗೆ ಬಪ್ಪ ಹಾಂಗೆ, ಸಣ್ಣ ದೋಣಿಯ ಕವುಂಚಿ ಹಾಕಿದ ಹಾಂಗೆ. ತುಳುವಿಲಿ ಕೊರಂಬು, ಕುಂದಾಪುರ ಹೊಡೆಲಿ ಗೊರಬು. ನೇಜಿ ನೆಡುವ ಹೆಮ್ಮಕ್ಕೊ ಅದರ ಹಾಕಿಂಡು ಸಾಲಾಗಿ ಬಗ್ಗಿರೆ ದೂರಂದ ಗದ್ದೆಲಿ ಆಮೆಗೊ ನಿಂದ ಹಾಂಗೆ ಕಾಂಗು. ಕೊಡೆ ಹಿಡುದರೆ ಒಂದು ಕೈ ಹೋತು. ಗೊರಬೆಲಿ ಎರಡು ಕೈಯೂ ಖಾಲಿ. ಬೆನ್ನಿಂಗೂ ಓಲೆಗೂ ನಡುಗೆ ಗಾಳಿ ಆಡುಲೆ ಜಾಗೆ ಇದ್ದು, ಬೆಗರು ಅದರಷ್ಟಕ್ಕೇ ಆರಿ ಹೋಕು. ಮೇಘಾಲಯದ ಖಾಸಿ ಹೆಮ್ಮಕ್ಕಳ ಹತ್ರೆಯೂ ಹೆಚ್ಚು ಕಮ್ಮಿ ಇದೇ ಇದ್ದು, ಕ್ನುಪ್ ಹೇಳಿ ಹೆಸರು. ವರ್ಷಕ್ಕೆ 11,000 ಮಿಲಿಮೀಟರಿಂದ ಹೆಚ್ಚು ಮಳೆ ಬಪ್ಪ ಮೌಸಿನ್‌ರಾಮ್ ಅಲ್ಲಿಯಾಣ ಊರು. ನಮ್ಮ ಆಗುಂಬೆಲಿ 7,000 ಮೀರಿ ಬತ್ತು. ಒಬ್ಬರಿಂಗೊಬ್ಬರು ಗುರ್ತ ಇಲ್ಲದ್ದ ಎರಡು ಊರಿನ ಹೆಮ್ಮಕ್ಕೊ ಒಂದೇ ಆಕಾರಕ್ಕೆ ಬಂದು ನಿಂದವು ಹೇಳಿರೆ ಅದರಲ್ಲಿ ಎಂತದೋ ಸತ್ಯ ಇರೆಕ್ಕು.

ಗೊರಬೆಲಿ ಓಡ್ಲೆ ಎಡಿಯ, ಬಲ್ಲೆಯ ನಡುಗೆ ನುಗ್ಗುಲೆ ಎಡಿಯ, ಜೋರು ಗಾಳಿ ಬಂದರೆ ಅದುದೆ ನಾವುದೆ ಒಟ್ಟಿಂಗೇ ಹಾರುಗು. ಅಂಬಗ ಇದ್ದದು ಕಂಬಳಿ ಕೊಪ್ಪೆ. ಕುರಿಯ ರೋಮಲ್ಲಿ ಸ್ವಾಭಾವಿಕವಾಗಿಯೇ ಜಿಡ್ಡು ಇದ್ದು, ಹನಿ ಮಳೆ ಜಾರಿ ಹೋವುತ್ತು. ಉಣ್ಣೆ ಅದರ ತೂಕದ ಮೂರ್ನೇ ಒಂದು ಪಾಲಿನ ಹತ್ತರೆ ಹತ್ತರೆ ಆವಿಯ ಹೀರಿಂಡರೂ ಮುಟ್ಟಿರೆ ಚೆಂಡಿ ಹೇಳಿ ಗೊಂತಾಗ, ಬೆಶಿಯನ್ನೂ ಬಿಡ. ಜಡಿಮಳೆಲಿ ನೆನದರೆ ಮಾಂತ್ರ ಆ ಭಾರ ಹೊರ್ಲೆ ಬೇರೆ ಜೆನ ಬೇಕು.

ಇನ್ನು ಬೆಳಿಯರ ಕತೆ. ದಕ್ಷಿಣ ಅಮೇರಿಕದ ಆದಿವಾಸಿಗೊ ಮದಲಿಂದಲೇ ರಬ್ಬರಿನ ಹಾಲಿನ ವಸ್ತ್ರಕ್ಕೆ ಉದ್ದಿ ನೀರು ತಡಕ್ಕೊಂಡಿತ್ತಿದ್ದವು. (ರಬ್ಬರಿನ ಹಾಲು ಸೀರೆಗೆ ಬಿದ್ದರೆ ಹೋಗ ಹೇಳುದು ಸುಳ್ಯ ಪುತ್ತೂರಿನ ಹೆಮ್ಮಕ್ಕೊಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ.) ಸ್ಕಾಟ್ಲೆಂಡಿನ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟೋಶ್ 1823ರಲ್ಲಿ ಪೇಟೆಂಟ್ ತೆಕ್ಕೊಂಡವು. ಕಲ್ಲಿದ್ದಲಿನ ಡಾಂಬರಿಂದ ಬಪ್ಪ ನ್ಯಾಫ್ತಾ ಹೇಳ್ತ ಎಣ್ಣೆಲಿ ರಬ್ಬರಿನ ಕರಗುಸಿ, ಎರಡು ವಸ್ತ್ರದ ನಡುಗೆ ಬಳುದು ಅಂಟುಸಿದವು. ಅಲ್ಲಿ ಇಂದಿಂಗೂ ರೈನ್‌ಕೋಟಿಂಗೆ ಮ್ಯಾಕ್ ಹೇಳುದು ಹಾಂಗೆ. ನೀರು ಒಳ ಬಾರ ಸರಿ. ಆದರೆ ಬೆಶಿಲಿಂಗೆ ಅಂಟು ಅಂಟು, ಚಳಿಗೆ ಹಪ್ಪಳದ ಹಾಂಗೆ ಗಟ್ಟಿ, ಹತ್ತರೆ ಬಂದರೆ ಮೂಗು ಮುಚ್ಚೆಕ್ಕು. ದರ್ಜಿಗೊ ಹೊಲುದ ಸೂಜಿಯ ಒಟ್ಟೆಲಿಯೂ ನೀರು ಇಳಿಗು. 1840ರ ದಶಕಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್, ಅಮೇರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರುಸಿ ರಬ್ಬರಿನ ಬೇಶುವ ಉಪಾಯ ಕಂಡುಹಿಡುದ ಮೇಲೆ ಅಂಟು ಹೋತು.

ಬೆಗರು ಹೋಯಿದಿಲ್ಲೆ. ರಬ್ಬರಿನ ಕೋಟಿನ ಒಳ ಕೂಪದು ಹೇಳಿರೆ ಅಟ್ಟಿನಳಗೆಯ ಒಳ ಕೂಪದು. ಕೊಟ್ಟಿಗೆ ಬೇಶುವಗ ಮುಚ್ಚಲಿನ ಅಡಿಲಿ ಹನಿ ಕಟ್ಟುತ್ತಿಲ್ಲೆಯಾ, ಕೋಟಿನ ಒಳಾಣ ಹೊಡೆಲಿಯೂ ಅದೇ. ಕಡೇಂಗೆ ಕಂಕುಳಿನ ಅಡಿಲಿ ಸಣ್ಣ ಸಣ್ಣ ಒಟ್ಟೆ ಮಡುಗಿದವು.

ನಮ್ಮ ದೇಶಕ್ಕೂ ಇದೇ ವಿದ್ಯೆ ಬಂತು. ಸ್ವಾತಂತ್ರ್ಯ ಚಳವಳಿಲಿ ಜೈಲಿಂಗೆ ಹೋಗಿ ಬಂದ ಸುರೇಂದ್ರ ಮೋಹನ್ ಬೋಸ್ ಹೇಳುವೋರು 1920ರಲ್ಲಿ ಕಲ್ಕತ್ತಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಶುರು ಮಾಡಿದವು. ಡಕ್‌ಬ್ಯಾಕ್ ಹೇಳಿರೆ ನಿಂಗೊಗೆ ಗುರ್ತ ಸಿಕ್ಕುಗು. ವಿದೇಶದ ಕೋಟಿಂಗೆ ಸಮ ಆಗಿ ನಮ್ಮೋರು ಮಾಡಿದವು ಹೇಳುದು ಸಣ್ಣ ಸಂಗತಿ ಅಲ್ಲ. ಎಷ್ಟೋ ಮನೆಗಳಲ್ಲಿ ಅಣ್ಣನ ಕೋಟು ತಮ್ಮಂಗೆ, ತಮ್ಮಂದು ತಂಗೆಗೆ ಆಗಿಂಡು ಹತ್ತು ಮಳೆಗಾಲ ಕಳುದ್ದು.

ಬೆಗರಿನ ತೊಂದರೆಗೆ ಇನ್ನೊಂದು ದಾರಿ ಹುಡ್ಕಿದ್ದು ಹತ್ತಿಯ ವಸ್ತ್ರಲ್ಲಿ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿಲಿ ಜವುಳಿ ಅಂಗಡಿ ಮಡುಗಿಂಡಿದ್ದ ಥಾಮಸ್ ಬರ್ಬೆರಿ ನೂಲಿಂಗೇ ನೀರು ಹಿಡಿಯದ್ದ ಹಾಂಗೆ ಮಾಡಿ ಮತ್ತೆ ಒತ್ತೊತ್ತಾಗಿ ನೇಯ್ಸಿದವು. ಅದುವೇ ಗ್ಯಾಬರ್ಡಿನ್, 1888ರ ಪೇಟೆಂಟು. ಎರಡ್ನೇ ಮಹಾಯುದ್ಧಲ್ಲಿ ಚಳಿಯ ಸಮುದ್ರಕ್ಕೆ ಬಿದ್ದ ವಿಮಾನದ ಪೈಲಟುಗೊ ಕೆಲವೇ ನಿಮಿಷಲ್ಲಿ ಸತ್ತೊಂಡಿತ್ತಿದ್ದವು. ಅಂಬಗ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನೋರು ಉದ್ದ ಎಳೆಯ ಹತ್ತಿಲಿ ವೆಂಟೈಲ್ ಹೇಳ್ತ ವಸ್ತ್ರ ಮಾಡಿದವು. ಎಂತ ಚೆಂದದ ಉಪಾಯ ನೋಡಿ: ಒಣಗಿಪ್ಪಗ ಎಳೆಗಳ ನಡುಗೆ ಗಾಳಿ ಹೋಪಲೆ ದಾರಿ ಇದ್ದು. ಚೆಂಡಿ ಆದಪ್ಪಗ ಹತ್ತಿ ಉಬ್ಬಿ ಆ ದಾರಿಯ ಅದುವೇ ಮುಚ್ಚುತ್ತು. ಮಳೆಗಾಲಲ್ಲಿ ನಮ್ಮ ಬಾಗಿಲು ಉಬ್ಬಿ ಗಟ್ಟಿ ಅಪ್ಪದೂ ಅದೇ ಗುಣಂದ. ನಾವು ಬೈತ್ತು, ಅವು ಅಂಗಿ ಮಾಡಿದವು.

ಈಗಾಣ ಜಾಕೆಟಿನ ಕತೆ ಶುರುವಪ್ಪದು ನಮ್ಮ ದೋಸೆ ಕಾವಲಿಗೆಂದ ಹೇಳಿರೂ ಅಕ್ಕು. ಅಂಟದ್ದ ಕಾವಲಿಗೆಯ ಮೇಲಿಪ್ಪ ವಸ್ತು ಟೆಫ್ಲಾನ್. 1938ರಲ್ಲಿ ರಾಯ್ ಪ್ಲಂಕೆಟ್ ಕಂಡುಹಿಡುದ್ದು. ಬಿಲ್ ಗೋರ್ ಮತ್ತೆ ಅವರ ಹೆಂಡತಿ ವೀವ್ 1958ರಲ್ಲಿ ಅಮೇರಿಕದ ಡೆಲವೇರಿಲಿ ಅವರ ಮನೆಯ ನೆಲಮಾಳಿಗೆಲಿ ಕಂಪೆನಿ ಶುರು ಮಾಡಿದವು, ಟೆಫ್ಲಾನಿನ ವಯರಿಂಗೆ ಸುತ್ತುವ ಕೆಲಸ. 1969ರಲ್ಲಿ ಅವರ ಮಗ ಬಾಬ್ ಟೆಫ್ಲಾನಿನ ಕೋಲುಗಳ ಒಲೆಲಿ ಬೆಶಿ ಮಾಡಿ ಮೆಲ್ಲಂಗೆ ಎಳದು ಉದ್ದ ಮಾಡ್ಲೆ ನೋಡಿಂಡಿತ್ತಿದ್ದವು. ಎಷ್ಟು ನಾಜೂಕು ಮಾಡಿರೂ ತುಂಡಾವುತ್ತು. ಕಡೇಂಗೆ ಕೋಪ ಬಂದು ಒಂದರ ರಪ್ಪ ಎಳದವು. ತುಂಡಾಯಿದಿಲ್ಲೆ, ಹತ್ತು ಪಾಲು ಉದ್ದ ಆತು! ಅದರ ಒಳ ಕಣ್ಣಿಂಗೆ ಕಾಣದ್ದ ಕೋಟಿಗಟ್ಲೆ ಒಟ್ಟೆಗೊ. ನೀರಿನ ಹನಿ ನುಗ್ಗುಲೆ ಎಡಿಯದ್ದಷ್ಟು ಸಣ್ಣ, ಆವಿ ದಾಂಟುವಷ್ಟು ದೊಡ್ಡ. ಅದುವೇ ಗೋರ್‌ಟೆಕ್ಸ್. ಗೆಂಡ ಹೆಂಡತಿ ಇಬ್ರೂ ಅದರ ಡೇರೆಯ ವಯೋಮಿಂಗಿನ ಗುಡ್ಡೆಗೆ ತೆಕ್ಕೊಂಡು ಹೋದಪ್ಪಗ ಆಲಿಕಲ್ಲು ಬಿದ್ದು ಮಾಡು ಒಟ್ಟೆ ಆಗಿ ಒಳ ನೀರು ತುಂಬಿತ್ತಡ. ಕೆಳಾಣ ವಸ್ತ್ರಂದ ಆ ನೀರು ಹೆರ ಹೋಯಿದಿಲ್ಲೆ ಹೇಳಿ ಅವಕ್ಕೆ ಕೊಶಿಯೇ ಆತಡ. 1976ರ ಹೊತ್ತಿಂಗೆ ಮಾರಾಟಕ್ಕೆ ಬಂತು. ಸುರೂವಾಣ ಜಾಕೆಟುಗೊ ಮೈಯ ಎಣ್ಣೆ ಜಿಡ್ಡು ಹಿಡುದು ಸೋರ್ಲೆ ಶುರುವಾದವು, ಮತ್ತೆ ಒಳಂದ ಇನ್ನೊಂದು ತೆಳು ಪದರ ಕೊಟ್ಟವು, ಹೊಲಿಗೆಯ ಮೇಲೆ ಟೇಪು ಅಂಟುಸಿದವು.

ಇಷ್ಟಾದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತ್ತು ಹೇಳಿ ನಿಂಗೊ ಗ್ರೇಶುವಿ. ಅಂಗಡಿಯವು ಹೇಳದ್ದೆ ಬಿಡುವ ಸಂಗತಿ ಇಪ್ಪದು ಇಲ್ಲಿ. ಆ ಒಟ್ಟೆಗೊ ಆವಿಯ ಹೆರ ನೂಕುತ್ತವಿಲ್ಲೆ. ಒಳ ಆವಿ ಹೆಚ್ಚು, ಹೆರ ಕಮ್ಮಿ ಇದ್ದರೆ ಮಾಂತ್ರ ಅದು ದಾಂಟಿ ಹೋಪದು. ಮೈಯ ಹತ್ತರಾಣ 35 ಡಿಗ್ರಿಯ ಗಾಳಿ ಒಂದು ಘನ ಮೀಟರಿಲಿ ಸುಮಾರು 40 ಗ್ರಾಮ್ ಆವಿ ಹಿಡಿಗು. ಸ್ಕಾಟ್ಲೆಂಡಿನ 5 ಡಿಗ್ರಿಯ ಮಳೆಲಿ ಹೆರಾಣ ಗಾಳಿಲಿ ಇಪ್ಪದು ಹೆಚ್ಚು ಹೇಳಿರೆ 7 ಗ್ರಾಮ್. ನಮ್ಮ ಆಟಿಯ 24 ಡಿಗ್ರಿಯ ಮಳೆಲಿ 22 ಗ್ರಾಮ್! ಅಲ್ಲಿ 33ರ ಅಂತರ, ಇಲ್ಲಿ 18. ಅದೇ ಜಾಕೆಟು, ಅದೇ ಕ್ರಯ, ಕೆಲಸ ಮಾಂತ್ರ ಹತ್ತರೆ ಹತ್ತರೆ ಅರ್ಧ. ಒಣ ಹಾಕಿದ ವಸ್ತ್ರ ಎರಡು ದಿನ ಆದರೂ ಒಣಗದ್ದ ಊರಿಲಿ ಬೆಗರು ಮಾಂತ್ರ ಹೇಂಗೆ ಒಣಗುಗು?

ಹಾಂಗಾಗಿ ಎನ್ನ ಅಭಿಪ್ರಾಯ ಹೀಂಗೆ. ಹಿಮಾಲಯದ ಹೊಡೆಂಗೆ, ಚಳಿಯ ದೇಶಕ್ಕೆ ಹೋಪ ಕೂಸುಗೊ ಒಳ್ಳೆ ಪದರದ ಜಾಕೆಟು ತೆಕ್ಕೊಳ್ಳಿ, ಪೈಸೆ ದಂಡ ಆಗ. ನಮ್ಮ ಗುಡ್ಡೆಗೊಕ್ಕೆ ಹೋಪಲಾದರೆ ಉಸುಲಿನ ಲೆಕ್ಕಂದ ಮದಲು ಗಾಳಿಯ ದಾರಿ ನೋಡೆಕ್ಕು. ಕಂಕುಳಿನ ಅಡಿಲಿ ಬಿಡುಸುಲೆ ಜಿಪ್ ಇದ್ದಾ? ಎದುರಾಣ ಜಿಪ್ ಎರಡೂ ಹೊಡೆಂದ ತೆಗವಲಾವುತ್ತಾ? ಸೊಂಟದ ಹತ್ರೆ ಸಡ್ಲ ಇದ್ದಾ? ಒಂದು ನಂಬ್ರ ದೊಡ್ಡದೇ ತೆಕ್ಕೊಳ್ಳಿ, ಚೆಂದಕ್ಕೆ ಹೇಳಿ ಮೈಗೆ ಅಂಟುವದು ಬೇಡ. ಚೀಟಿಲಿ 10,000 ಮಿ.ಮೀ. ಹೇಳಿದ್ದರೆ ಹತ್ತು ಮೀಟರು ಎತ್ತರದ ನೀರಿನ ಭಾರ ತಡೆತ್ತು ಹೇಳಿ ಅರ್ಥ. ಚೀಲದ ಪಟ್ಟಿ ಹೆಗಲಿನ ಒತ್ತುತ್ತ ಕಾರಣ ಅಷ್ಟು ಇದ್ದರೆ ಒಳ್ಳೆದು. "ವಾಟರ್ ರೆಸಿಸ್ಟೆಂಟ್" ಹೇಳಿ ಬರದ್ದದು ಹನಿ ಮಳೆಗೆ ಮಾಂತ್ರ, ನಮ್ಮಲ್ಲಿ ಅದು ಜಾಲು ದಾಂಟುವಗಳೇ ಸೋಲುಗು. ಒಳ ಹತ್ತಿಯ ಬನಿಯನು ಬೇಡ, ಚೆಂಡಿ ಆದರೆ ಒಣಗ. ಮತ್ತೆ ಉಂಬಳಕ್ಕೆ ಯಾವ ಕಂಪೆನಿಯ ಜಾಕೆಟೂ ಲೆಕ್ಕ ಇಲ್ಲೆ!

ತೋಟದ ಕೆಲಸಕ್ಕೆ ಆದರೆ ಸಾವಿರಾರು ರುಪಾಯಿಯದ್ದು ಬೇಡವೇ ಬೇಡ. ಅಡಕ್ಕೆ ಸಿಪ್ಪೆ, ಸಲಾಕೆ, ಮುಳ್ಳಿಂಗೆ ಆ ತೆಳು ಪದರ ಒಂದೇ ಮಳೆಗಾಲಲ್ಲಿ ಒಟ್ಟೆ ಅಕ್ಕು. ಅಗಲದ, ಕೆಳಂದ ಗಾಳಿ ಹೋಪ, ಗೊರಬೆಯ ಹಾಂಗೇ ಬೆನ್ನಿಂದ ದೂರ ನಿಂಬ ಹೊದಕೆ ಲಾಯ್ಕ. ಈಗ ಗೊರಬೆ ಹೆಣವೋರೇ ಕಮ್ಮಿ, ಹೋಟೆಲಿನ ಗೋಡೆಲಿ ನೇಲುಸಿದ್ದು ಕಾಂಬಲೆ ಸಿಕ್ಕುಗಷ್ಟೆ. ಕೆಲಸಕ್ಕೆ ಬಪ್ಪ ಹೆಮ್ಮಕ್ಕೊ ಪ್ಲಾಸ್ಟಿಕಿನ ಕೊಪ್ಪೆ ಕಟ್ಟಿಂಡು ಇಡೀ ದಿನ ಬೆಗರಿಲಿ ನೆನವದು ನೋಡುವಗ, ಇನ್ನೂರು ವರ್ಷದ ಸಂಶೋಧನೆ ಎಲ್ಲ ಗುಡ್ಡೆಗೆ ತಿರುಗುಲೆ ಹೋಪೋರಿಂಗೇ ಆತನ್ನೇ ಹೇಳಿ ಕಾಣ್ತು. ಎಂಗಳ ಮನೆಲಿ ಅವಕ್ಕೆ ಮಧ್ಯಾಹ್ನಕ್ಕೆ ಬದಲುಸುಲೆ ಒಣಗಿದ ಅಂಗಿ ಒಂದು ಜೋಡು ಮಡುಗುತ್ತೆಯೊ°. ಜಾಕೆಟಿಂದ ಅದುವೇ ಹೆಚ್ಚು ಉಪಕಾರ.

ಇನ್ನು ತೊಳವ ವಿಷಯ. ಮೇಲಾಣ ವಸ್ತ್ರಲ್ಲಿ ಕೆಸವಿನೆಲೆಯ ಮೇಲಾಣ ಹಾಂಗೆ ನೀರು ಉರುಳಿ ಹೋಪಲೆ ಒಂದು ಲೇಪ ಇರ್ತು. ಅದು ಹೋದರೆ ಮೇಲಾಣ ವಸ್ತ್ರ ನೀರು ಕುಡಿತ್ತು, ಒಳಾಣ ಪದರ ಸರಿ ಇದ್ದರೂ ಆವಿ ಹೋಪಲೆ ದಾರಿ ಮುಚ್ಚಿ ಹೋವುತ್ತು. ಎಷ್ಟೋ ಜೆನ ಜಾಕೆಟು ಸೋರ್ತು ಹೇಳುದು ಈ ಬೆಗರಿನ ನೀರಿನ ಕಂಡು. ಮದಲಾಣ ಲೇಪಂಗಳಲ್ಲಿ ಫ್ಲೋರಿನ್ ಇತ್ತು, ಅದು ಮಣ್ಣಿಲಿ ನೀರಿಲಿ ಕರಗದ್ದೆ ಒಳಿತ್ತು ಹೇಳಿ ಕ್ಯಾಲಿಫೋರ್ನಿಯ, ನ್ಯೂಯಾರ್ಕಿಲಿ 2025ರಿಂದ ಹೆಚ್ಚಿನ ವಸ್ತ್ರಂಗಳಲ್ಲಿ ನಿಷೇಧ ಮಾಡಿದ್ದವು. ಗೋರ್ ಕಂಪೆನಿಯೂ 2022ರಿಂದ ಫ್ಲೋರಿನ್ ಇಲ್ಲದ್ದ ಪಾಲಿಥಿನಿನ ಪದರ ತಯಿಂದು. ಹೊಸ ಲೇಪ ನೀರಿನ ತಡೆತ್ತು, ಎಣ್ಣೆಯ ತಡೆತ್ತಿಲ್ಲೆ. ಹಾಂಗಾಗಿ ಎಣ್ಣೆ ಕೈಲಿ ಮುಟ್ಟೆಡಿ, ಕಾಲರಿಂಗೆ ತಲೆಯ ಎಣ್ಣೆ ತಾಗುಸೆಡಿ. ಕೊಳೆ ಆದರೆ ತೊಳೆರಿ, ತೊಳದರೆ ಹಾಳಾವುತ್ತು ಹೇಳಿ ಹೆದರೆಡಿ. ಸೋಪಿನ ಅಂಶ ಎಲ್ಲ ಹೋಪ ಹಾಂಗೆ ಎರಡು ಸರ್ತಿ ನೀರಿಲಿ ಜಾಲಾಡೆಕ್ಕು. ವಸ್ತ್ರ ಮೆಸ್ತಂಗೆ ಮಾಡ್ಲೆ ಹಾಕುವ ಪರಿಮ್ಮಳದ ದ್ರಾವಣ ಮಾಂತ್ರ ಹಾಕ್ಲೇ ಆಗ. ಒಣಗಿದ ಮೇಲೆ, ಒಳಾಣ ಚೀಟಿಲಿ ಅಕ್ಕು ಹೇಳಿ ಇದ್ದರೆ, ಮೇಲಂದ ಒಂದು ತೆಳು ಹತ್ತಿ ವಸ್ತ್ರ ಹಾಸಿ ಕಮ್ಮಿ ಬೆಶಿಲಿ ಇಸ್ತ್ರಿ ಹಾಕಿ. ಮತ್ತೆ ನೀರು ಚೇಪಿ ನೋಡಿ, ಹನಿ ಹನಿಯಾಗಿ ಉರುಳುಗು.