ಟಿಕೆಟ್ ಕೊಂಡ ಮೇಲೂ ಸುಂಕ: ದೆಹಲಿ ವಿಮಾನ ನಿಲ್ದಾಣದ ಒಂದು ಲೆಕ್ಕ



ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡಿಗರ ಮನೆಗಳಲ್ಲಿ ಬೇಸಿಗೆ ರಜೆಯ ಮಾತು ಚಳಿಗಾಲದಲ್ಲೇ ಶುರುವಾಗುತ್ತದೆ. ಮಕ್ಕಳ ಪರೀಕ್ಷೆ ಯಾವತ್ತು ಮುಗಿಯುತ್ತದೆ, ಊರಿನಲ್ಲಿ ಮದುವೆ ಯಾವತ್ತು, ಯಾವ ದಿನ ಹೊರಟರೆ ಟಿಕೆಟ್ ಅಗ್ಗ ಎಂದು ಲೆಕ್ಕ ಹಾಕಿ, ಮೂರು ತಿಂಗಳ ಮೊದಲೇ ದುಡ್ಡು ಕಟ್ಟಿ ನಿಶ್ಚಿಂತರಾಗುತ್ತೇವೆ. ಆಮೇಲೆ, ಹೊರಡುವ ದಿನ ಹತ್ತಿರ ಬಂದಾಗ, ‘ನಿಮ್ಮ ಟಿಕೆಟಿಗೆ ಹೊಸ ಶುಲ್ಕ ಬಂದಿದೆ, ವ್ಯತ್ಯಾಸ ಕಟ್ಟಿ’ ಎಂದರೆ? ನಮ್ಮ ಹಿರಿಯರು ಇದಕ್ಕೆ ಒಂದು ಗಾದೆ ಮಾಡಿಟ್ಟಿದ್ದಾರೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ಸುಂಕ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ವಿಮಾನಯಾನಕ್ಕೂ ಸುಂಕ ಬಹಳ ಹಿಂದೆಯೇ ಅಂಟಿಕೊಂಡಿತು. 1979ರಲ್ಲಿ ವಿದೇಶ ಪ್ರಯಾಣ ತೆರಿಗೆ ಬಂತು. 1989ರಲ್ಲಿ ದೇಶದೊಳಗಿನ ವಿಮಾನ ಪ್ರಯಾಣಕ್ಕೂ ತೆರಿಗೆ ಬಂತು. ಕೊನೆಯ ವರ್ಷಗಳಲ್ಲಿ ಅದು ದರದ ಶೇಕಡಾ 15ರಷ್ಟಿತ್ತು. ಇವೆರಡನ್ನೂ 2004ರ ಜನವರಿ 9ರಿಂದ ಕೇಂದ್ರ ಸರ್ಕಾರ ರದ್ದು ಮಾಡಿತು. ಆಗಿನ ಹಣಕಾಸು ಮಂತ್ರಿ ಜಸ್ವಂತ್ ಸಿಂಗ್.

ಅದಕ್ಕೆ ಸ್ವಲ್ಪ ಮುಂಚೆ, 2003ರಲ್ಲಿ, ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರಾಟ ಶುರು ಮಾಡಿತ್ತು. ಒಂದು ರೂಪಾಯಿ ಟಿಕೆಟಿನ ಸುದ್ದಿ ನಿಮಗೆ ನೆನಪಿರಬಹುದು. ದರ ಒಂದು ರೂಪಾಯಿ, ಅದರ ಮೇಲೆ ತೆರಿಗೆ ಮತ್ತು ಶುಲ್ಕ ನೂರಾರು ರೂಪಾಯಿ. ಮೂಗಿಗಿಂತ ಮೂಗುತಿ ಭಾರ! ಆದರೂ ಒಂದು ಸಮಾಧಾನವಿತ್ತು: ಏನೇ ಇದ್ದರೂ ಅದು ಟಿಕೆಟ್ ಕೊಳ್ಳುವ ಹೊತ್ತಿಗೇ ಕಣ್ಣಿಗೆ ಕಾಣುತ್ತಿತ್ತು. ಬೇಕಾದರೆ ಕೊಳ್ಳಬಹುದು, ಬೇಡವಾದರೆ ಬಿಡಬಹುದು. ಆ ಸಮಾಧಾನ ಹೋದದ್ದು ನಮ್ಮ ದೆಹಲಿಯ ವಿಮಾನ ನಿಲ್ದಾಣದಲ್ಲಿ.

2006ರಲ್ಲಿ ಇಂದಿರಾ ಗಾಂಧಿ ವಿಮಾನ ನಿಲ್ದಾಣವನ್ನು ನಡೆಸುವ ಹೊಣೆ ಖಾಸಗಿಯವರಿಗೆ ಹೋಯಿತು. ಹೊಣೆ ಹೊತ್ತದ್ದು ಜಿ.ಎಂ.ಆರ್. ಸಮೂಹ ಮುಂದಾಳಾಗಿದ್ದ ಡಯಲ್ ಕಂಪನಿ. ಆದಾಯದ ಶೇಕಡಾ 45.99ರಷ್ಟನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡುವುದಾಗಿ ಒಪ್ಪಿ ಅದು ಬಿಡ್ ಗೆದ್ದಿತ್ತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದೊಳಗೆ ಮೂರನೇ ಟರ್ಮಿನಲ್ ಎದ್ದು ನಿಲ್ಲಬೇಕಿತ್ತು. ಕೆಲಸದ ನಡುವೆ ಹಣ ಸಾಲದಾಯಿತು. 2009ರ ಫೆಬ್ರವರಿ 9ರಂದು ವಿಮಾನಯಾನ ಸಚಿವಾಲಯ ಒಂದು ಪತ್ರದ ಮೂಲಕ ‘ಅಭಿವೃದ್ಧಿ ಶುಲ್ಕ’ ವಸೂಲಿಗೆ ಒಪ್ಪಿಗೆ ಕೊಟ್ಟಿತು. ದೆಹಲಿಯಿಂದ ಹೊರಡುವ ಪ್ರತಿಯೊಬ್ಬರೂ ದೇಶದೊಳಗಿನ ಪ್ರಯಾಣಕ್ಕೆ 200 ರೂಪಾಯಿ, ವಿದೇಶಕ್ಕೆ 1,300 ರೂಪಾಯಿ ಕೊಡಬೇಕು. 36 ತಿಂಗಳು, ಒಟ್ಟು 1,827 ಕೋಟಿ ರೂಪಾಯಿ. ಜಾರಿ ಮಾರ್ಚ್ 1ರಿಂದ.

ತಾರೀಖುಗಳನ್ನು ಸ್ವಲ್ಪ ಗಮನಿಸಿ. ಒಪ್ಪಿಗೆಗೂ ವಸೂಲಿಗೂ ನಡುವೆ ಮೂರು ವಾರವೂ ಪೂರ್ತಿ ಇಲ್ಲ. ಆ ಹೊತ್ತಿಗೆ ಹೋಳಿಗೆ, ಯುಗಾದಿಗೆ, ಬೇಸಿಗೆ ರಜೆಗೆ ಟಿಕೆಟ್ ಕೊಂಡು ಕೂತವರು ಎಷ್ಟೋ ಜನ. ಅವರ ಟಿಕೆಟಿನಲ್ಲಿ ಈ ಶುಲ್ಕ ಇರಲಿಲ್ಲ. ಇಲ್ಲದವರು ನಿಲ್ದಾಣದ ಕೌಂಟರಿನ ಮುಂದೆ ನಿಂತು ಕಟ್ಟಬೇಕಾಯಿತು.

ಅತ್ತ ಬೆಂಗಳೂರಿನಲ್ಲೂ ಕಥೆ ಬೇರೆಯಾಗಿರಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆದ ಮೇಲೆ ವಿದೇಶಕ್ಕೆ ಹೊರಡುವವರಿಗೆ 1,070 ರೂಪಾಯಿ ‘ಬಳಕೆದಾರರ ಅಭಿವೃದ್ಧಿ ಶುಲ್ಕ’ ಬಂತು. 2009ರ ಜನವರಿ 16ರಿಂದ ದೇಶದೊಳಗಿನ ಪ್ರಯಾಣಿಕರಿಗೂ 260 ರೂಪಾಯಿ ಬಿತ್ತು. ಅಂದರೆ ಆ ವರ್ಷ ದೆಹಲಿಯಿಂದ ಬೆಂಗಳೂರಿಗೆ ಹೋಗಿ ಬರುವ ಒಬ್ಬರಿಗೆ ಹೊಸ ಹೊರೆ 460 ರೂಪಾಯಿ. ನಾಲ್ಕು ಜನರ ಸಂಸಾರಕ್ಕೆ 1,840. ಆದರೆ ಒಂದು ವ್ಯತ್ಯಾಸವಿತ್ತು. ಬೆಂಗಳೂರಿನಲ್ಲಿ ಕಟ್ಟಡ ಎದ್ದು, ಜನ ಬಳಸುತ್ತಿದ್ದರು. ದೆಹಲಿಯಲ್ಲಿ ಶುಲ್ಕ ಶುರುವಾದಾಗ ಮೂರನೇ ಟರ್ಮಿನಲ್ ಇನ್ನೂ ಕಟ್ಟುತ್ತಿದ್ದರು. ಅದರ ಉದ್ಘಾಟನೆ ಆದದ್ದು 2010ರ ಜುಲೈನಲ್ಲಿ. 2009ರಲ್ಲಿ ಕೆಲಸದಿಂದ ನಿವೃತ್ತರಾಗಿ, ದೆಹಲಿಗೆ ಕೈಮುಗಿದು ಧಾರವಾಡಕ್ಕೋ ಮೈಸೂರಿಗೋ ಹೊರಟವರು, ತಾವೆಂದೂ ಕಾಲಿಡದ ಕಟ್ಟಡಕ್ಕೆ 200 ರೂಪಾಯಿ ಕೊಟ್ಟು ಹೋದರು.

ಈ ಶುಲ್ಕವನ್ನು ಗ್ರಾಹಕರ ಪರ ಸಂಸ್ಥೆಯೊಂದು ಕೋರ್ಟಿನಲ್ಲಿ ಪ್ರಶ್ನಿಸಿತು. ದೆಹಲಿ ಹೈಕೋರ್ಟಿನಲ್ಲಿ 2009ರಲ್ಲೇ ಸೋಲಾಯಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಎ.ಕೆ. ಪಟ್ನಾಯಕ್ ಅವರ ಪೀಠದಿಂದ ತೀರ್ಪು ಬಂತು. ರವೀಂದ್ರನ್ ಅವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು.

ತೀರ್ಪಿನ ತಿರುಳು ಸರಳ. ಒದಗಿಸಿದ ಸೇವೆಗೆ ಪಡೆಯುವ ಬಾಡಿಗೆ, ಶುಲ್ಕ ಒಂದು ಬಗೆ. ಮುಂದೆ ಕಟ್ಟುವ, ವಿಸ್ತರಿಸುವ ಕೆಲಸಕ್ಕೆ ಹಣ ಕೂಡಿಸುವುದು ಇನ್ನೊಂದು ಬಗೆ. ಅದು ತೆರಿಗೆ ಅಥವಾ ಸೆಸ್ಸಿನ ಜಾತಿಗೆ ಸೇರಿದ್ದು. ಅದನ್ನು ಎತ್ತಲು ಕಾನೂನಿನ ಆಧಾರ ಬೇಕು, ದರವೂ ಕಾನೂನು ಹೇಳಿದ ರೀತಿಯಲ್ಲೇ ನಿಗದಿಯಾಗಬೇಕು. ಸಚಿವಾಲಯದ ಪತ್ರ ಸಾಲದು. ಅಷ್ಟರಲ್ಲಾಗಲೇ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ, ಅಂದರೆ ಏರಾ, ಸ್ಥಾಪನೆಯಾಗಿತ್ತು. ದರ ನಿಗದಿ ಅದರ ಕೆಲಸ ಎಂದಿತು ಕೋರ್ಟು. ದೆಹಲಿಯ ಜೊತೆಗೆ ಮುಂಬೈಯ ಶುಲ್ಕಕ್ಕೆ ಕೊಟ್ಟಿದ್ದ ಒಪ್ಪಿಗೆಯೂ ಬಿದ್ದುಹೋಯಿತು.

ಗೆದ್ದವರಿಗೆ ಸಿಕ್ಕಿದ್ದೇನು? ಪ್ರಯಾಣಿಕರ ಕೈಗೆ ಹಣ ಮರಳಲಿಲ್ಲ. ವಸೂಲಾದ ಹಣದ ಲೆಕ್ಕವನ್ನು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಒಪ್ಪಿಸಬೇಕು, ಅದು ಕಾನೂನು ಹೇಳಿದ ಕೆಲಸಕ್ಕೇ ಖರ್ಚಾಗಬೇಕು ಎಂದಾಯಿತು. 2011ರ ಡಿಸೆಂಬರ್ 1ರಿಂದ ಅದೇ 200, ಅದೇ 1,300 ಮತ್ತೆ ಬಂತು. ಈ ಸಲ ಏರಾ ಆದೇಶದೊಂದಿಗೆ. 2012ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಬಿಡ್ ಕರೆದಾಗ ಈ ಶುಲ್ಕದ ಪ್ರಸ್ತಾಪವೇ ಇರಲಿಲ್ಲ ಎಂದು ಬೊಟ್ಟು ಮಾಡಿತು. 2013ರ ಜನವರಿಯಿಂದ ಶುಲ್ಕ 100 ಮತ್ತು 600 ರೂಪಾಯಿಗೆ ಇಳಿಯಿತು. ಪೂರ್ತಿ ನಿಂತದ್ದು 2016ರಲ್ಲಿ. 36 ತಿಂಗಳ ಮಾತು ಏಳು ವರ್ಷ ನಡೆಯಿತು.

ಈ ನಡುವೆ 2012ರ ಮೇ 15ರಿಂದ ದೆಹಲಿ ನಿಲ್ದಾಣದ ದರಗಳು ಒಟ್ಟಾರೆ ಶೇಕಡಾ 345ರಷ್ಟು ಏರಿದವು. ಹೊರಡುವವರಿಗಷ್ಟೇ ಅಲ್ಲ, ಬಂದಿಳಿಯುವವರಿಗೂ ಬಳಕೆದಾರರ ಶುಲ್ಕ ಬಿತ್ತು. ಟಿಕೆಟ್ ಮೊದಲೇ ಕೊಂಡವರು ವ್ಯತ್ಯಾಸ ಕೊಡಬೇಕೇ ಎಂಬ ಜಗಳ ಮತ್ತೆ ಎದ್ದಿತು.

ಹಾಗೆ ಕೇಳಲು ಅವರಿಗೆ ಹಕ್ಕಿತ್ತೇ? ವಿಮಾನ ಕಂಪನಿಗಳ ಷರತ್ತಿನ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಒಂದು ಮಾತಿರುತ್ತದೆ: ಟಿಕೆಟ್ ಕೊಂಡ ಮೇಲೆ ಸರ್ಕಾರವೋ ನಿಲ್ದಾಣವೋ ತೆರಿಗೆ ಏರಿಸಿದರೆ ಪ್ರಯಾಣಿಕ ಕೊಡಬೇಕು. ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 2006ರ ಡಿಸೆಂಬರಿನಲ್ಲಿ ವಿಮಾನ ಪ್ರಯಾಣ ತೆರಿಗೆಯನ್ನು ಇಮ್ಮಡಿ ಮಾಡುವುದಾಗಿ ಹೇಳಿ, 2007ರ ಫೆಬ್ರವರಿ 1ರಿಂದಲೇ ಜಾರಿಗೆ ತಂದರು. ಆಗಲೇ ಟಿಕೆಟ್ ಕೊಂಡಿದ್ದವರಿಂದ ಕೆಲವು ಕಂಪನಿಗಳು ಬಾಕಿ ವಸೂಲಿಗೆ ಹೊರಟವು.

ಆದರೆ ಬೇರೆ ದಾರಿ ಇಲ್ಲ ಎನ್ನುವ ಹಾಗಿಲ್ಲ. 2010ರ ಜುಲೈ 1ರಿಂದ ಸಾಮಾನ್ಯ ದರ್ಜೆಯ ವಿಮಾನ ಪ್ರಯಾಣಕ್ಕೂ ಸೇವಾ ತೆರಿಗೆ ಬಂದಾಗ, ಅದಕ್ಕೆ ಮುಂಚೆಯೇ ಹಣ ಕಟ್ಟಿದವರಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ರೈಲಿನ ಉದಾಹರಣೆಯೂ ಇದೆ. 2014ರ ಜೂನ್ 25ರಿಂದ ರೈಲು ದರ ಶೇಕಡಾ 14.2ರಷ್ಟು ಏರಿತು, ಆಗ ರೈಲ್ವೆ ಮಂತ್ರಿ ನಮ್ಮವರೇ ಆದ ಡಿ.ವಿ. ಸದಾನಂದಗೌಡರು. ಮುಂಗಡ ಟಿಕೆಟ್ ಮಾಡಿಸಿದವರೂ ವ್ಯತ್ಯಾಸ ಕೊಡಬೇಕಾಯಿತು. 2020ರ ಜನವರಿ 1ರಂದು ದರ ಏರಿದಾಗ ಮಾತ್ರ, ಮೊದಲೇ ಕಾಯ್ದಿರಿಸಿದವರಿಂದ ಏನೂ ಕೇಳುವುದಿಲ್ಲ ಎಂದು ರೈಲ್ವೆ ಹೇಳಿತು. ವಿಮಾನದಲ್ಲೂ ಭದ್ರತಾ ಶುಲ್ಕ 2021ರ ಏಪ್ರಿಲ್ 1ರಂದು 200 ರೂಪಾಯಿಗೆ ಏರಿದಾಗ, ಆ ದಿನದಿಂದ ಕೊಂಡ ಟಿಕೆಟಿಗೆ ಮಾತ್ರ ಅನ್ವಯ ಎಂದಾಯಿತು. ಆದೇಶದಲ್ಲಿ ಒಂದು ಸಾಲು ಬರೆದರೆ ಸಾಕು, ಕೌಂಟರಿನ ಮುಂದಿನ ಜಗಳವೇ ಇಲ್ಲ.

ಆ ಒಂದು ಸಾಲು ಯಾಕೆ ಮುಖ್ಯ? ಮೂರು ತಿಂಗಳ ಮೊದಲೇ ಟಿಕೆಟ್ ಕೊಳ್ಳುವವರು ಯಾರು? ಕಂಪನಿ ಖರ್ಚಿನಲ್ಲಿ ಹಾರುವವರಲ್ಲ. ಸಂಬಳದಲ್ಲಿ ಉಳಿಸಿ, ಮಕ್ಕಳನ್ನು ಅಜ್ಜಿ ಮನೆಗೆ ಕರೆದೊಯ್ಯುವವರು. ಕೊಂಡ ದಿನದ ಬೆಲೆ ಪ್ರಯಾಣದ ದಿನಕ್ಕೂ ನಿಲ್ಲದಿದ್ದರೆ, ಮುಂದಾಲೋಚನೆ ಮಾಡಿದವರಿಗೇ ದಂಡ ಬಿದ್ದ ಹಾಗೆ.

ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅನ್ನಿ. 2009ರಿಂದ 2014ರವರೆಗಿನ ದರ ನಿಗದಿಯ ತಕರಾರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟಿಡಿಸ್ಯಾಟ್ 2025ರ ಜುಲೈನಲ್ಲಿ ದೆಹಲಿ, ಮುಂಬೈ ನಿಲ್ದಾಣಗಳ ಪರವಾಗಿ ತೀರ್ಪು ಕೊಟ್ಟಿತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಂಥ ಹಳೆಯ ಬಾಕಿ ವಸೂಲಾಗುವುದು ಹಿಂದೆ ಹಾರಿದವರಿಂದಲ್ಲ, ಮುಂದೆ ಹಾರುವವರಿಂದ.

ಕೊನೆಗೆ, ಕೇಳುಗರೇ, ಉಪಯೋಗದ ಒಂದು ಮಾತು. ಪ್ರಯಾಣ ರದ್ದಾದರೆ ಅಥವಾ ನೀವೇ ಹೋಗದೆ ಉಳಿದರೆ, ‘ಹಣ ವಾಪಸಿಲ್ಲ’ ಎಂದು ಬರೆದ ಅಗ್ಗದ ಟಿಕೆಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕು ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಎಷ್ಟೋ ಜನ ಕೇಳುವುದೇ ಇಲ್ಲ. ಮುಂದಿನ ಸಲ ಟಿಕೆಟ್ ಬಂದಾಗ ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ. ಕೆಳಗಿನ ಬಿಡಿ ಲೆಕ್ಕವನ್ನೂ ಓದಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಯಾರಾದರೂ ಹೆಚ್ಚಿಗೆ ಕೇಳಿದರೆ, ಯಾವ ಆದೇಶ, ಯಾವ ತಾರೀಖಿನಿಂದ, ಕೊಂಡ ದಿನಕ್ಕೋ ಹೊರಡುವ ದಿನಕ್ಕೋ ಎಂದು ಕೇಳಿ, ರಸೀದಿ ಪಡೆಯಿರಿ. ಸುಖದುಃಖ ಹೇಳಿಕೊಂಡರೆ ಸುಂಕದವನು ಕೇಳಲಿಕ್ಕಿಲ್ಲ. ಕಾನೂನು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. 2011ರಲ್ಲಿ ಆದದ್ದೂ ಅದೇ.