ಕೇಪಿನ ಕೋವಿಗೆ ಮನೆಲಿ ಜೆನ ಬೇಕು

ಜೆಂಬ್ರದ ಮನೆಲಿ ಉಂಡಿಕ್ಕಿ ಎಲೆಡಕ್ಕೆ ತಿಂಬಲೆ ಕೂದ ಗೆಂಡುಮಕ್ಕಳ ಬಾಯಿಲಿ ಈಗ ಒಂದೇ ಶುದ್ದಿ, ಮಂಗಂಗೊ. ಅದರ ಬೆನ್ನಿಂಗೇ ಇನ್ನೊಂದು ದೂರು: ಈಗಾಣ ಮಾಣಿಯಂಗೊ ಕೇಪಿನ ಕೋವಿಯ ಮುಟ್ಟುತ್ತವೇ ಇಲ್ಲೆ. "ಅವಕ್ಕೆ ಹೆದರಿಕೆ" ಹೇಳಿ ಒಬ್ಬ°, "ಕೈಲಿ ಮೊಬೈಲು ಇಪ್ಪಗ ಕೋವಿ ಎಲ್ಲಿ ಹಿಡಿವದು" ಹೇಳಿ ಇನ್ನೊಬ್ಬ°. ಬಳುಸಿಯೊಂಡು ಇಪ್ಪ ನವಗೆ ಇದು ಕೇಳಿ ಕೇಳಿ ಬಾಯಿಪಾಠ ಆಯಿದು. ಎನಗೆ ಮಾಂತ್ರ ಕಾಂಬದು ಬೇರೆಯೇ. ಆ ಕೋವಿಯ ಚಾಕರಿ ಅರ್ಧ ಮಾಡಿದ್ದು ಮನೆ ಒಳ ಇಪ್ಪ ಹೆಮ್ಮಕ್ಕೊ. ಹಾಂಗಾಗಿ ಅದರ ಚರಿತ್ರೆ ಹೇಳ್ಲೆ ನವಗುದೆ ರಜಾ ಹಕ್ಕಿದ್ದು.

ಗೊಂತಿಲ್ಲದ್ದವಕ್ಕೆ ಮದಾಲು ಒಂದು ಮಾತು. ಕೋವಿಲಿ ಎರಡು ಜಾತಿ. ತೋಟೆ ಕೋವಿ ಹೇಳಿರೆ ಹಿಂದಂದ ಮಡುಸಿ ತೋಟೆ ಹಾಕುವಂಥದ್ದು. ಕೇಪಿನ ಕೋವಿ ಹೇಳಿರೆ ಬಾಯಿಂದ ತುಂಬುಸುವಂಥದ್ದು. ಅಳತೆ ಮಾಡಿ ಕರಿ ಮದ್ದು, ಅದರ ಮೇಗೆ ತೆಂಗಿನ ಕತ್ತ, ಗಜ ಹಾಕಿ ಗುದ್ದುದು, ಬೇಕಾದರೆ ಚರೆ, ಪುನಾ ಕತ್ತ, ಪುನಾ ಗುದ್ದುದು. ಅಕೇರಿಗೆ ಹಿಂದಾಣ ಸಣ್ಣ ಮೂಗಿಂಗೆ ತಾಮ್ರದ ಕೇಪು ಮಡುಗುದು. ಕುದುರೆ ಬಂದು ಕುಟ್ಟಿಯಪ್ಪಗ ಕೇಪಿನ ಕಿಚ್ಚು ಒಳ ಹೋಗಿ ಬೆಡಿ. ಪರವಾನಿಗೆ ಪುಸ್ತಕಲ್ಲಿ ಇದಕ್ಕೆ ಎಸ್.ಬಿ.ಎಂ.ಎಲ್. ಹೇಳಿ ಬರೆತ್ತವು. ಮಂಗನ ಕೊಲ್ಲುವ ಕ್ರಮ ನಮ್ಮ ಮನೆಲಿ ಇಲ್ಲೆ. ಬರೇ ಮದ್ದು, ಕತ್ತ ಹಾಕಿ ಶಬ್ದ ಮಾಡುದು. ಹಾಂಗೆ ನೋಡಿರೆ ಅದು ಕೋವಿಯಂದ ಹೆಚ್ಚು ಒಂದು ದೊಡ್ಡ ಜಾಗಟೆ.

ಕರಿ ಮದ್ದಿನ ಸಾಮಾನು ಮೂರೇ: ಪೆಟ್ಲುಪ್ಪು, ಮಸಿ, ಗಂಧಕ. ಮುಕ್ಕಾಲು ಪಾಲು ಪೆಟ್ಲುಪ್ಪು. ಅದು ಎಲ್ಲಿಂದ ಬಪ್ಪದು ಹೇಳಿ ಓದಿಯಪ್ಪಗ ಎನಗೆ ನೆಗೆ ಬಂತು. ದನ, ಜೆನ ಇದ್ದ ಹಳೆ ಜಾಗೆಯ ಮಣ್ಣಿಂದ! ಬಿಹಾರಲ್ಲಿ ನೋನಿಯಾ ಹೇಳ್ತ ಜೆನಂಗೊ ಆ ಮಣ್ಣಿನ ಕೆರಸಿ ತೆಗದು, ನೀರಿಲ್ಲಿ ಕರಗುಸಿ, ಅರಿಶಿ, ಕೊದುಶಿ ಹರಳು ಮಾಡುಗು. ಡಚ್ಚರು, ಇಂಗ್ಲಿಷರು ಪಾಟ್ನಾಂದ ಅದರ ಹಡಗು ತುಂಬುಸಿ ಯುರೋಪಿಂಗೆ ಸಾಗುಸಿದವು. ಪ್ಲಾಸಿ ಯುದ್ಧದ ಮರು ವರ್ಷ, 1758ರಲ್ಲಿ, ಆ ವ್ಯಾಪಾರ ಪೂರ್ತಿ ಕಂಪೆನಿಯ ಕೈಗೆ ಹೋತು. ಹಟ್ಟಿ ಮಣ್ಣಿನ ಬೆಲೆ ನವಗೆ ಮಾಂತ್ರ ಗೊಂತಿಪ್ಪದು ಹೇಳಿ ಆನು ಗ್ರೇಶಿತ್ತಿದ್ದೆ.

ಕೇಪಿನ ಕತೆ ಇನ್ನೂ ಲಾಯ್ಕಿದ್ದು. ಸ್ಕಾಟ್ಲೆಂಡಿನ ಒಂದು ಹಳ್ಳಿಯ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್ ಹೇಳಿ ಹೆಸರು. ಅವಂಗೆ ಹಕ್ಕಿ ಹೊಡೆವ ಮರುಳು. ಅಂಬಗಾಣ ಕೋವಿಲಿ ಚಕಮಕಿ ಕಲ್ಲಿನ ಕಿಡಿ ಹೆರ ಇಪ್ಪ ಮದ್ದಿಂಗೆ ಹಾರಿ, ಮತ್ತೆ ಒಳ ಹೋಯೆಕ್ಕು. ಆ ಬೆಣ್ಚು ಕಂಡಪ್ಪದ್ದೇ ಹಕ್ಕಿಗೊ ಹಾರುಗು. ಹಾಂಗೆ ಅವ° ಕುಟ್ಟಿದರೆ ಕಿಚ್ಚು ಹಿಡಿವ ಮದ್ದಿನ ಉಪಾಯ ಮಾಡಿ 1807ರಲ್ಲಿ ಪೇಟೆಂಟು ತೆಗದ°. ತಾಮ್ರದ ಕೇಪು ಅದರ ಬೆನ್ನಿಂಗೆ ಬಂತು. ಹೀಂಗೆ ಪಾದ್ರಿಯ ಹಕ್ಕಿ ಮರುಳಿಂದ ಶುರುವಾದ ಕೆಲಸ ನಮ್ಮ ತೋಟದ ಮಂಗನ ವರೆಗೆ ಎತ್ತಿತು. 1884ರಲ್ಲಿ ಫ್ರಾನ್ಸಿಲ್ಲಿ ಹೊಗೆ ಇಲ್ಲದ್ದ ಮದ್ದು ಕಂಡುಹಿಡುದವು. ಅಲ್ಲಿಂದ ಮತ್ತೆ ದೊಡ್ಡ ದೊಡ್ಡ ಸೈನ್ಯಂಗೊ ಕರಿ ಮದ್ದಿನ ಬಿಟ್ಟವು. ಬಿಡದ್ದು ನಮ್ಮಾಂಗಿಪ್ಪ ಕೃಷಿಕರ ಮನೆಗೊ, ದೇವಸ್ಥಾನಂಗೊ.

ಈಗ ನಮ್ಮ ಊರಿಂಗೆ ಬಪ್ಪ. ಒಂದು ಗಡಿಗೆರೆಯ ಕತೆ ಹೇಳೆಕ್ಕು. ಸುಳ್ಯ, ಪುತ್ತೂರಿನ ಹೊಡೆ ಮದಲು ಕೊಡಗಿನ ರಾಜನ ಕೈಲಿ ಇತ್ತು. 1834ರಲ್ಲಿ ಇಂಗ್ಲಿಷರು ಕೊಡಗಿನ ತೆಕ್ಕೊಂಡಪ್ಪಗ ಈ ಮಾಗಣೆಗಳ ಬೇರ್ಪಡುಸಿ ಕೆನರಾ ಜಿಲ್ಲೆಗೆ ಸೇರುಸಿದವು. ಆ ಕೋಪವುದೆ 1837ರ ಅಮರ ಸುಳ್ಯದ ದಂಗೆಗೆ ಒಂದು ಕಾರಣ. 1857ರ ಗಲಾಟೆ ಆದ ಮತ್ತೆ ದೇಶಲ್ಲಿಡೀ ಆಯುಧ ಕಸ್ಕೊಂಬ ಕಾನೂನು ಬಂತು. ಆದರೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಂಗೆ ಆ ಕಾನೂನಿಂದ ವಿನಾಯಿತಿ ಕೊಟ್ಟ°. ಆ ವಿನಾಯಿತಿ ಇಂದಿಂಗೂ ಇದ್ದು. ಕೊಡವರಿಂಗೂ ಜಮ್ಮ ಹಿಡುವಳಿದಾರರಿಂಗೂ ಪರವಾನಿಗೆ ಬೇಡ. 2019ರಲ್ಲಿ ಕೇಂದ್ರ ಸರಕಾರ ಅದರ ಪುನಾ 2029ರ ವರೆಗೆ ಮುಂದುವರುಸಿದ್ದು. ಘಟ್ಟದ ಈಚ ಇಪ್ಪ ನವಗೆ 1878ರ ಆಯುಧ ಕಾಯ್ದೆ, ಪುಸ್ತಕ, ಠಾಣೆ, ಸೀಲು. (ಸುಳ್ಯ ಕೊಡಗಿಲ್ಲೇ ಒಳುದಿದ್ದರೆ ನವಗುದೆ ಸಿಕ್ಕುತಿತ್ತು ಹೇಳಿ ಎನ್ನ ಭಾವ° ವಾದ ಮಾಡ್ತವು. ಅದು ಊರು ನೋಡಿ ಕೊಟ್ಟದಲ್ಲ, ಕುಲವೂ ಭೂಮಿಯ ಹಕ್ಕೂ ನೋಡಿ ಕೊಟ್ಟದು ಹೇಳಿರೆ ಕೇಳ್ತವಿಲ್ಲೆ.)

ಹಾಂಗೆ ಹೇಳಿ ಸರಕಾರ ನಮ್ಮ ಮರದ್ದು ಹೇಳ್ಲೆ ಎಡಿಯ. 1959ರ ಆಯುಧ ಕಾಯ್ದೆಯ 13ನೇ ಕಲಮಿಲ್ಲಿ ಈ ಬಡ ಕೋವಿಯ ಹೆಸರು ಹಿಡುದೇ ಬರದ್ದವು. ನಿಜವಾಗಿ ಬೆಳೆ ರಕ್ಷಣೆಗೆ ಬೇಕು ಹೇಳುವವಕ್ಕೆ ಬಾಯಿಂದ ತುಂಬುಸುವ ಕೋವಿಗೆ ಪರವಾನಿಗೆ ಕೊಡೆಕ್ಕು, ಅದು ಸಾಲ ಹೇಳಿ ಕಂಡರೆ ಮಾಂತ್ರ ಬೇರೆ ಕೋವಿಗೆ ಕೊಡ್ಲಕ್ಕು ಹೇಳಿ. ಓದುವಗ ಕೊಶಿ ಆತು. ಎಂತಕೆ ಇದನ್ನೇ ಹುಡ್ಕಿದವು? ಒಂದು ಬೆಡಿ ಹೊಟ್ಟಿ ಇನ್ನೊಂದಕ್ಕೆ ತುಂಬುಸುವಗ ಮನುಷ್ಯಂಗೆ ಕೋಪ ಇಳಿತ್ತು ಹೇಳಿ ಆಯಿಕ್ಕು.

ಆನು 1991ರಲ್ಲಿ ಮದುವೆ ಆಗಿ ಈ ಮನಗೆ ಬಪ್ಪಗ ಕೋವಿ ಮಾವನ ಹೆಸರಿಲ್ಲಿ ಇತ್ತು. ಮನೆಲಿ 14 ಜೆನ. ಮದ್ದಿನ ಡಬ್ಬಿ ಅಡಿಗೆ ಕೋಣೆಂದ ದೂರ, ಮೇಗಾಣ ಕೋಣೆಯ ಮರದ ಪೆಟ್ಟಿಗೆಲಿ. ಆ ಕೋಣಗೆ ದೀಪ ಕೊಂಡೋಪಲಾಗ ಹೇಳಿ ಅತ್ತೆಯ ಕಟ್ಟಾಜ್ಞೆ. ಕರೆಂಟು ಹೋದರೆ ಆ ಕೋಣಗೆ ಆರೂ ಹೋಗೆಯೊ°. ಕತ್ತ ಬಿಡುಸಿ ಹಿಂಜಿ ಮಡುಗುದು ಅಜ್ಜಿಯ ಕೆಲಸ. ನೆಲಗಡ್ಲೆ ಸೊಲಿವ ಹಾಂಗೆ ಹೊತ್ತೋಪಗ ಕೂದು ಹಿಂಜುಗು. ಬೆಡಿ ಹೊಟ್ಟುಸಿ ಮಾವ° ಬಂದಪ್ಪದ್ದೇ ಹಂಡೆಂದ ಕೊದಿನೀರು. ಎಣ್ಣೆ ಉದ್ದಿರೆ ಸಾಲ. ಕರಿ ಮದ್ದು ಪೂರಾ ಹೊತ್ತಿ ಹೋವುತ್ತಿಲ್ಲೆ, ಅರ್ಧದ ಹತ್ರೆ ಹೊಗೆ, ಮಸಿ, ಉಪ್ಪಾಗಿ ಒಳಿತ್ತು. ಉಪ್ಪು ಹೇಳಿಯಪ್ಪಗ ನಿಂಗೊಗೆ ಅರ್ಥ ಆತನ್ನೆ? ಆಟಿಲಿ ಭರಣಿಯ ಉಪ್ಪು ಹೇಂಗೆ ನೀರು ಬಿಡ್ತು, ಹಾಂಗೇ ನಳಿಗೆಯ ಒಳವುದೆ. ನಮ್ಮದು ವರ್ಷಕ್ಕೆ ಹತ್ರೆ ಹತ್ರೆ 4000 ಮಿಲ್ಲಿಮೀಟರು ಮಳೆ ಬಪ್ಪ ಜಿಲ್ಲೆ. ಒಂದು ಇರುಳು ತೊಳೆಯದ್ದೆ ಮಡುಗಿರೆ ಉದಿಯಪ್ಪಗ ಒಳ ಕೆಂಪು. ಉಪ್ಪಿನ ಕರಗುಸಲೆ ನೀರೇ ಆಯೆಕ್ಕು. ಕೊದಿನೀರು ಆದರೆ ಕಬ್ಬಿಣ ಬೆಶಿಯಾಗಿ ಬೇಗ ಒಣಗುತ್ತು, ಎಣ್ಣೆ ಮತ್ತೆ. ಬೆಡಿ ಒಂದು ನಿಮಿಷದ್ದು, ಚಾಕರಿ ಒಂದು ಗಂಟೆಯದ್ದು.

ಮಕ್ಕೊ ಕಲ್ತದೂ ಈ ಚಾಕರಿಲೇ. ಮಾಣಿ ಎಂಟು ವರ್ಷಲ್ಲಿ ಗಜ ಹಿಡುಕ್ಕೊಂಡು ಮಾವನ ಹಿಂದೆ ಹೋಕು. ಹತ್ತು ವರ್ಷಲ್ಲಿ ತೊಳವಲೆ ನೀರು ಎರಗು. ಕೋವಿ ಕೈಗೆ ಬಪ್ಪಗ ಮೀಸೆ ಬಂದಿಕ್ಕು. ಅಷ್ಟಪ್ಪಗ ಕೋವಿಯ ಹೆದರಿಕೆಯೂ ಹೋಗಿಕ್ಕು, ಸಸಾರವೂ ಹೋಗಿಕ್ಕು. ಈಗ ಆ ವರ್ಷಂಗಳ ಲೆಕ್ಕ ಹಾಕಿ ನೋಡಿ. ಮಂಗ ಬಪ್ಪದು ಉದಿಯಪ್ಪಗ ಏಳು-ಎಂಟು ಗಂಟೆಗೆ, ಮತ್ತೆ ಹೊತ್ತೋಪಗ. ಅಂಬಗ ಮಕ್ಕೊ ಶಾಲೆಯ ವ್ಯಾನಿಲ್ಲಿ. ಪಿಯುಸಿಗೆ ಹಾಸ್ಟೆಲ್ಲು. ಕಾನೂನಿನ ಪ್ರಕಾರ ಪರವಾನಿಗೆಗೆ 21 ವರ್ಷ ಆಯೆಕ್ಕು. ಆ 21 ಅಪ್ಪಗ ಮಾಣಿ ಬೆಂಗಳೂರಿಲ್ಲಿ ಪಿ.ಜಿ. ರೂಮು ಹುಡ್ಕಿಯೊಂಡು ಇರ್ತ°. ಇದರಲ್ಲಿ ಹೆದರಿಕೆ ಎಲ್ಲಿ ಬಂತು?

ಹೆದರಿಕೆ ಇಲ್ಲೆ ಹೇಳುದಕ್ಕೆ ಸಾಕ್ಷಿ ಬೇಕಾದರೆ ಏಪ್ರಿಲ್ 17ಕ್ಕೆ ಪುತ್ತೂರು ಬೆಡಿಗೆ ಹೋಯೆಕ್ಕು. ಗೆದ್ದೆಲಿ ಕಾಲು ಮಡುಗಲೆ ಜಾಗೆ ಇಲ್ಲೆ, ಪೂರಾ ಜವ್ವನಿಗರು. ಬೆಂಗಳೂರಿಂದ ರಜೆ ಹಾಕಿ ಬತ್ತವು. ಹೊಗೆಯ ಪರಿಮ್ಮಳಕ್ಕೆ ಮೂಗು ಅರಳುತ್ತವು. ಅವಕ್ಕೆ ಬೆಡಿ ಬೇಡ ಹೇಳಿ ಅಲ್ಲ, ನಿತ್ಯ ಮನೆಲಿ ನಿಂದು ಬೆಡಿಯ ಚಾಕರಿ ಮಾಡ್ಲೆ ಅವು ಇಲ್ಲಿ ಇಲ್ಲೆ.

ಇನ್ನು ಕಾಗದ. ಹೊಸ ಪರವಾನಿಗೆಗೆ ತರಬೇತಿಯ ಸರ್ಟಿಫಿಕೇಟು, ಡಾಕ್ಟ್ರ ಸರ್ಟಿಫಿಕೇಟು, ವಿಳಾಸ, ಠಾಣೆಯ ವಿಚಾರಣೆ. ನವೀಕರಣ ಮದಲು ಮೂರು ವರ್ಷಕ್ಕೊಂದರಿ ಇತ್ತು, 2019ರ ತಿದ್ದುಪಡಿಲಿ ಐದು ಆತು, ಅದು ಒಪ್ಪೆಕ್ಕಾದ್ದೇ. ಇದೆಲ್ಲ ಬೇಡ ಹೇಳಿ ಆನು ಹೇಳೆ, ಕೋವಿ ಆಟದ ಸಾಮಾನು ಅಲ್ಲ. ಆದರೆ ಬೆಂಗಳೂರಿಲ್ಲಿ ಇಪ್ಪವಂಗೆ ಪ್ರತಿ ಸರ್ತಿ ರಜೆ ಹಾಕಿ ಬರೆಕ್ಕು. ಮತ್ತೆ ಓಟು. 2023ರ ಮೇಲಿ ವಿಧಾನಸಭೆ, 2024ರ ಏಪ್ರಿಲಿಲ್ಲಿ ಲೋಕಸಭೆ. ಎರಡು ಸರ್ತಿಯೂ ಕೋವಿಯ ಕೊಂಡೋಗಿ ಠಾಣೆಲಿ ಮಡುಗೆಕ್ಕಾತು, ಎರಡು ಸರ್ತಿಯೂ ಮಂಗಂಗೊ ಬೊಂಡ ಉದುರುಸುವ ಸಮಯ. ಒಂದರಿ ವಾಪಾಸು ಬಪ್ಪಗ ಕುದುರೆ ಅಲುಗುತ್ತಿಲ್ಲೆ, ತುಕ್ಕು. ಎಣ್ಣೆ ಹಾಕಿ ಮೂರು ದಿನ ಮಡುಗೆಕ್ಕಾತು. ಮಂಗಂಗೊಕ್ಕೆ ಚುನಾವಣೆ ನೀತಿ ಸಂಹಿತೆ ಇಲ್ಲೆನ್ನೆ.

ಕೋವಿ ಬಿಟ್ಟ ಮಕ್ಕೊ ಸುಮ್ಮನೆ ಕೂಯಿದವಿಲ್ಲೆ, ಅದೇ ಎನ್ನ ಬೇಜಾರು. ಪಿವಿಸಿ ಪೈಪು, ಕಾರ್ಬೈಡು, ರಜಾ ನೀರು, ಗ್ಯಾಸು ಹೊತ್ತುಸುವ ಲೈಟರು. ಡಂ ಹೇಳ್ತು, ಪರವಾನಿಗೆ ಬೇಡ, ತೊಳವಲೆ ಇಲ್ಲೆ, ಕಲಿಶುವವೂ ಇಲ್ಲೆ. ಹೊಟ್ಟದ್ದರೆ ಪೈಪಿನ ಬಾಯಿಗೆ ಮೋರೆ ಮಡುಗಿ ಬಗ್ಗಿ ನೋಡುಗು. 2025ರ ದೀಪಾವಳಿಗೆ ಭೋಪಾಲಿಲ್ಲಿ ಇದೇ ನಮುನೆಯ ಕೋವಿಂದ ಎಷ್ಟೋ ಮಕ್ಕಳ ಕಣ್ಣಿಂಗೆ ಪೆಟ್ಟಾತು, ಪೇಪರಿಲ್ಲಿ ನಿಂಗಳೂ ನೋಡಿಪ್ಪಿ. ಕೇಪಿನ ಕೋವಿ ಹೊಟ್ಟದ್ದರೆ ಬಾಯಿ ಆಕಾಶಕ್ಕೆ ಮಾಡಿ ಸುಮಾರು ಹೊತ್ತು ಕಾಯೆಕ್ಕು ಹೇಳಿ ಮಾವ° ಹಿಂದೆ ಬಂದ ಪ್ರತಿ ಮಕ್ಕೊಗೂ ಹೇಳಿಕೊಡುಗು. ಪೈಪಿನ ಅಂಗಡಿಲಿ ಆರು ಹೇಳುಗು?

ಕೊಡಗಿಲ್ಲಿ ಹೇಂಗೆ ಒಳುದತ್ತು ಹೇಳಿರೆ, ವಿನಾಯಿತಿ ಒಂದೇ ಕಾರಣ ಅಲ್ಲ. ಅಲ್ಲಿ ಕೈಲ್‌ಪೊಳ್ದಿಂಗೆ ಕೋವಿಗೆ ಹೂಗು ಮಡುಗಿ ಪೂಜೆ ಮಾಡ್ತವು, ಮರದ ಕೊಡಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡವ ಸ್ಪರ್ಧೆ. ಹೆಮ್ಮಕ್ಕಳೂ ಹೊಡೆತ್ತವು. ಹೆರ ಊರಿಲ್ಲಿ ಇಪ್ಪ ಮಕ್ಕೊಗೆ ವರ್ಷಕ್ಕೊಂದರಿ ಆದರೂ ಕೋವಿ ಮುಟ್ಟುವ ಒಂದು ದಿನ ಇದ್ದು. ನಮ್ಮಲ್ಲಿ ಆಯುಧ ಪೂಜೆಗೆ ಕತ್ತಿ, ಜೀಪು, ಅಡಕ್ಕೆ ಸೊಲಿವ ಮಿಷನು. ಕೋವಿ ಕವಾಟಿನ ಒಳವೇ.

ಎಂಗಳ ಮನೆಲಿ ಈಗ ಮೂರು ಜೆನ. ಕೋವಿ 1996ರಿಂದ ಎನ್ನ ಯಜಮಾನರ ಹೆಸರಿಲ್ಲಿ ಇದ್ದು. 25 ವರ್ಷ ಕಳುದರೆ ಅವು ಇಪ್ಪಗಳೇ ವಾರಿಸುದಾರರಿಂಗೆ ದಾಂಟುಸಲೆ 2016ರ ನಿಯಮಲ್ಲಿ ದಾರಿ ಇದ್ದು. ಮಗನ ಕೇಳಿದವು. "ಅಪ್ಪ, ಎನ್ನ ಆಧಾರ್ ವಿಳಾಸವೇ ಇಲ್ಲಿಯಾಣದ್ದು" ಹೇಳಿ ಅವ° ಬೆಂಗಳೂರಿಂದ. ಮಗಳು 2020ರಿಂದ ಮನೆಲೇ ಕೂದು ಕಂಪ್ಯೂಟರಿಲ್ಲಿ ಕೆಲಸ ಮಾಡುದು. ಉದಿಯಪ್ಪಗ ಮಂಗ ಬಪ್ಪಗ ಇಪ್ಪದು ಅದುವೇ, ಕೊದಿನೀರು ಹಾಕಿ ಕೋವಿ ತೊಳವದೂ ಈಗ ಅದುವೇ. "ಎನ್ನ ಹೆಸರಿಂಗೆ ಮಾಡಿ" ಹೇಳಿತ್ತು. ಅಪ್ಪ° ಅದರ ಮೋರೆ ನೋಡಿದವು, ಎನ್ನ ಮೋರೆ ನೋಡಿದವು, ಎಂತದೂ ಹೇಳದ್ದೆ ತೋಟಕ್ಕೆ ಹೋದವು. ಮರದಿನ ಅರ್ಜಿ ಫಾರ್ಮು ತಂದು ಮೇಜಿನ ಮೇಗೆ ಮಡುಗಿದ್ದವು. ಇನ್ನು ತರಬೇತಿ ಎಲ್ಲಿ ಕೊಡ್ತವು ಹೇಳಿ ವಿಚಾರುಸೆಕ್ಕು. ನಿಂಗಳ ಹೊಡೆಲಿ ಕೂಸುಗಳ ಹೆಸರಿಲ್ಲಿ ಆರಾದರೂ ಮಾಡಿಸಿದ್ದರೆ ಎನಗೊಂದು ಫೋನು ಮಾಡಿ, ಮಧ್ಯಾಹ್ನ ಉಂಡಿಕ್ಕಿ ಆನು ಮನೆಲೇ ಇರ್ತೆ.