ಎಚ್‌ಟಿಎಂಎಲ್ ಹೆಲ್ಪ್
ಮೈಕ್ರೋಸಾಫ್ಟ್ ಸಂಸ್ಥೆಯು ಹಳೆಯ ವಿನ್‌ಹೆಲ್ಪ್‌ನ ಸ್ಥಾನದಲ್ಲಿ 1997ರಲ್ಲಿ ಬಳಕೆಗೆ ತಂದ ಸಹಾಯ ಕಡತಗಳ ವ್ಯವಸ್ಥೆ. ವೆಬ್ ಪುಟಗಳು, ಚಿತ್ರಗಳು, ಪರಿವಿಡಿ ಹಾಗೂ ಪದಸೂಚಿಯನ್ನು ಸಂಕುಚಿಸಿ ಸಿಎಚ್‌ಎಂ ಎಂಬ ಒಂದೇ ಕಡತವಾಗಿ ಕಟ್ಟಿಕೊಡುವ ಈ ಕ್ರಮದಿಂದ, ತಂತ್ರಾಂಶ ರಚಿಸುವವರು ಅಂತರಜಾಲ ಸಂಪರ್ಕವಿಲ್ಲದೆಯೂ ಒಂದು ಫಂಕ್ಷನ್ನಿನ, ಅಂದರೆ ಹೆಸರಿಟ್ಟು ಕರೆಯಬಹುದಾದ ಆದೇಶಗುಚ್ಛದ, ವಿವರವನ್ನು ಕೂಡಲೇ ಹುಡುಕಿ ಓದುವಂತಾಯಿತು. ಸಂಪರ್ಕವೇ ದುಬಾರಿಯಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಪುಟಗಳೊಳಗಿನ ಸ್ಕ್ರಿಪ್ಟ್‌ಗಳಿಂದ ಕಂಪ್ಯೂಟರಿಗೆ ಹಾನಿಯಾಗಬಹುದೆಂದು ಕಂಡುಬಂದ ಮೇಲೆ, 2005ರ ಭದ್ರತಾ ಪರಿಷ್ಕರಣೆಗಳು ಜಾಲದ ಮೂಲಕ ತೆರೆಯುವ ಇಂಥ ಕಡತಗಳನ್ನು ನಿರ್ಬಂಧಿಸಿದವು. ಹೀಗಾಗಿ ಡೌನ್‌ಲೋಡ್ ಮಾಡಿಕೊಂಡ ಕಡತವನ್ನು ತೆರೆದಾಗ ಎಡಗಡೆಯ ಪರಿವಿಡಿ ಸರಿಯಾಗಿ ಕಾಣಿಸಿದರೂ ಬಲಗಡೆಯ ಪುಟ ಖಾಲಿ ಉಳಿಯುವುದುಂಟು. ಕಡತದ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಆಯ್ದುಕೊಂಡರೆ ಪಠ್ಯ ಮೂಡುತ್ತದೆ.